ಕೂಸನ್ನು ಎತ್ತಿಕೊಳ್ಳಬೇಡ ಎಂದಿದ್ದರು

ಅದು ಸೋಮವಾರ. ಯುಗಾದಿ ಕಳೆದು ಹತ್ತು ದಿನವಾಗಿತ್ತು. ನಸುಕಿನಲ್ಲೇ ಎದ್ದು ಕೆಳಗೇರಿಗೆ ಹೋಗಿ ಗಾದಿಲಿಂಗಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತೆ. ಅವಳ ಮಗಳು ಹುಲುಗಮ್ಮನಿಗೆ ಹತ್ತು ವರ್ಷ. ಆ ಹುಡುಗಿ ದಿನವಿಡೀ ಏನೇನು ಮಾಡುತ್ತಾಳೆ, ಯಾವುದನ್ನು ಎಷ್ಟು ಹೊತ್ತು ಮಾಡುತ್ತಾಳೆ ಎಂದು ನೋಡುವುದು ನನ್ನ ಕೆಲಸ. ಎದ್ದಳು. ಕಸ ಹೊಡೆದಳು. ಸೆಗಣಿ ಬಾಚಿದಳು. ತಾಯಿ ಕೂಲಿಗೆ ಹೊರಟಾಗ ಹತ್ತು ತಿಂಗಳ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡಳು. ಆಮೇಲೆ ಇಳಿಸಲಿಲ್ಲ. ನೀರು ತರುವಾಗಲೂ ಕೂಸು ಸೊಂಟದ ಮೇಲೆ, ಕೊಡ ತಲೆಯ ಮೇಲೆ. ಹೊಸ್ತಿಲಲ್ಲಿ ಎಡವಿದಳು. ಕೂಸಿನ ಹಣೆ ಬಾಗಿಲಿಗೆ ಬಡಿಯಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಕೂಸು ಎಷ್ಟು ಹೊತ್ತು ಅತ್ತಿತು ಎಂಬುದನ್ನು ನೆನಪಿಟ್ಟುಕೊಂಡೆ.

ಸಂಜೆ ಮನೆಯಲ್ಲಿ ಎಲ್ಲವನ್ನೂ ಗಂಡನಿಗೆ ಹೇಳಿದೆ. ಅವರು ಬರೆದುಕೊಂಡರು. ರೊಟ್ಟಿ ಉಂಡರು. ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದರು. ಹೆಚ್ಚಾಗಿರಲಿಲ್ಲ. ಅಂಗಳದಲ್ಲಿ ಹಾಸಿಕೊಂಡು ಮಲಗಿದೆವು. ಏಳು ವರ್ಷ ನಮ್ಮ ದಿನ ಹೀಗೇ ಹೋಗಿತ್ತು. ಅದೇ ಕೊನೆಯದು.

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಅವರೇ ಹೋದ ಮೇಲೆ ಇನ್ನು ಯಾರ ಹೆದರಿಕೆ. ಮರಿಬಸಪ್ಪ. ಕೋಸಗಿ ಸ್ಟೇಷನ್ನಿನಿಂದ ಎರಡು ಮೈಲಿ ದೂರದ ನಮ್ಮೂರಿನ ಬೋರ್ಡು ಶಾಲೆಗೆ ಅವರೊಬ್ಬರೇ ಮಾಸ್ತರು. ಚಿಕ್ಕಂದಿನಲ್ಲಿ ಜ್ವರ ಬಂದು ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಅರ್ಧ ಉಳಿದಿತ್ತು. ಮಕ್ಕಳು ಮಗ್ಗಿ ಹೇಳುವಾಗ ಬಾಯಿ ನೋಡಿಯೇ ತಪ್ಪು ಹಿಡಿಯುತ್ತಿದ್ದರು. ನನಗೆ ಅಕ್ಷರ ಕಲಿಸಿದವರೂ ಅವರೇ. ಮೂರನೆಯ ಪುಸ್ತಕದವರೆಗೆ ಬಂದೆ. ಆಮೇಲೆ ಅವರಿಗೆ ಪುರಸೊತ್ತು ಸಿಗಲಿಲ್ಲ.

ಪುರಸೊತ್ತು ತಿಂದದ್ದು ಅವರು ಬರೆಯುತ್ತಿದ್ದ ಪುಸ್ತಕಗಳು. ಮೂವತ್ತೆಂಟನೆಯ ಇಸವಿಯಲ್ಲಿ ಮದ್ರಾಸಿನಿಂದ ಒಬ್ಬ ದೊರೆಸಾನಿ ಆದೋನಿಗೆ ಬಂದು ಸುತ್ತಲಿನ ಮಾಸ್ತರುಗಳನ್ನೆಲ್ಲ ಕೂಡಿಸಿದಳಂತೆ. ಸಣ್ಣ ಮಕ್ಕಳ ದಿನ ಹೇಗೆ ಕಳೆಯುತ್ತದೆ ಎಂದು ಅವಳಿಗೆ ತಿಳಿಯಬೇಕಿತ್ತು. ಪ್ರತಿ ಮಾಸ್ತರೂ ಐದು ವರ್ಷದೊಳಗಿನ ಹತ್ತು ಮಕ್ಕಳನ್ನು ಆರಿಸಿಕೊಳ್ಳಬೇಕು. ಎರಡು ತಿಂಗಳಿಗೊಮ್ಮೆ ಒಂದೊಂದು ಮಗುವಿನ ಒಂದಿಡೀ ದಿನ ನೋಡಬೇಕು. ಯಾವಾಗ ಎದ್ದಿತು, ಯಾರು ಎತ್ತಿಕೊಂಡರು, ಏನು ತಿಂದಿತು, ಯಾರ ಜೊತೆ ಆಡಿತು, ಎಷ್ಟು ಹೊತ್ತು ಅತ್ತಿತು, ಎಲ್ಲವನ್ನೂ ಗಂಟೆ ಹಾಕಿ ಬರೆಯಬೇಕು. ಹತ್ತು ವರ್ಷ ಬಿಡದೆ ಬರೆಯಬೇಕು. ಉಳಿದ ಮಾಸ್ತರುಗಳು ಎರಡು ಸಲ ಮನೆಯಲ್ಲೇ ಕುಳಿತು ಗೀಚಿ ಕೈಬಿಟ್ಟರು. ಮರುವರ್ಷ ಯುದ್ಧ ಬಂತು. ದೊರೆಸಾನಿ ತನ್ನ ದೇಶಕ್ಕೆ ಹೋದಳು. ಯಾರೂ ಕೇಳುವವರಿರಲಿಲ್ಲ. ಇವರು ಮಾತ್ರ ಬಿಡಲಿಲ್ಲ.

ನಮಗೆ ಎರಡು ಮಕ್ಕಳು ಹುಟ್ಟಿ ಎರಡೂ ವರ್ಷ ತುಂಬುವ ಮೊದಲೇ ಹೋಗಿದ್ದವು. ಅದಕ್ಕೇ ಇವರಿಗೆ ಈ ಹುಚ್ಚು ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ಇರಬಹುದು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಹೆಂಗಸರು ಒಲೆಯ ಮುಂದಿರುವ ಹೊತ್ತಿನಲ್ಲಿ ಗಂಡಸು ಹೋಗಿ ಕಂಡವರ ಕಟ್ಟೆಯ ಮೇಲೆ ಕೂರುವುದಕ್ಕಾಗುತ್ತದೆಯೇ. ನನ್ನನ್ನು ಕಳಿಸಿದರು. ಶಾಲೆಯಲ್ಲಿ ಮಗು ಏನು ಮಾಡಿತು ಎಂದು ಅವರು ಒಂದು ಪುಸ್ತಕದಲ್ಲಿ ಬರೆದು ಶಾಲೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಮನೆಯಲ್ಲಿ ಏನು ಮಾಡಿತು ಎಂದು ನಾನು ನೋಡಿ ಬಂದು ಹೇಳಿದ್ದನ್ನು ಇನ್ನೊಂದರಲ್ಲಿ ಬರೆದು ನಮ್ಮ ಗೂಡಿನಲ್ಲಿ ಇಡುತ್ತಿದ್ದರು. ಶಾಲೆ ಪುಸ್ತಕ, ಮನೆ ಪುಸ್ತಕ.

ಮೊದಲ ದಿನವೇ ಗಾದಿಲಿಂಗಮ್ಮ ನನಗೆ ಕೇಳಲೆಂದೇ ಪಕ್ಕದ ಮನೆಯವಳಿಗೆ ಹೇಳಿದಳು. "ಹಡದ ಎರಡನ್ನೂ ಮಣ್ಣಿಗೆ ಹಾಕಿ, ಈಗ ನಮ್ಮ ಕೂಸಿನ ಮ್ಯಾಲೆ ಕಣ್ಣು ಹಾಕಾಕ ಬಂದಾಳ ನೋಡು."

ನಾನು ಅಲ್ಲೇ ಕುಳಿತಿದ್ದೆ. ಏಳಲಿಲ್ಲ. ಒಂದು ವರ್ಷ ಕಳೆಯುವ ಹೊತ್ತಿಗೆ ಅವಳೂ ದಣಿದಳು. ನನ್ನನ್ನು ಕಂಡರೆ, "ಬಂತಲ್ಲವ್ವಾ ಸರಕಾರದ ಕಾಗಿ, ಕಟ್ಟಿ ಮ್ಯಾಲೆ" ಎಂದು ನಗುತ್ತಿದ್ದಳು. ಬರೀ ಕೂರುವ ಬದಲು ಕೂಸನ್ನಾದರೂ ಹಿಡಿದುಕೋ ಎನ್ನುತ್ತಿದ್ದಳು. ಅದೊಂದು ಆಗುತ್ತಿರಲಿಲ್ಲ. ಗಂಡನ ಕಟ್ಟಪ್ಪಣೆ.

"ನೀ ಕೂಸನ್ನ ಎತ್ತಿಕೊಂಡರ ಆ ಹುಡುಗಿ ದಿನಾನೇ ಬದಲಾಗತೈತಿ, ಲಿಂಗಾ. ಪುಸ್ತಕ ಸುಳ್ಳಾಗತೈತಿ. ಎತ್ತಿಕೊಳ್ಳಬ್ಯಾಡ. ನೋಡು ಅಷ್ಟ."

ಏಳು ವರ್ಷ ನೋಡಿದೆ ಅಷ್ಟೇ.

ಗಂಟೆ ಹೇಳುವುದು ನನಗೆ ದೊಡ್ಡ ಕಷ್ಟವಾಯಿತು. ನಮ್ಮಲ್ಲಿ ಗಡಿಯಾರ ಒಂದೇ, ಅದು ಅವರ ಜೇಬಿನಲ್ಲಿ ಶಾಲೆಗೆ ಹೋಗುತ್ತಿತ್ತು. ಸೂರ್ಯನನ್ನು ನೋಡಿ ಅಂದಾಜು ಹೇಳಿದರೆ ಅವರು ಸಿಟ್ಟಾಗುತ್ತಿದ್ದರು. ಅಂದಾಜು ಬರೆಯುವುದಕ್ಕೆ ನೀನೇಕೆ ಹೋಗಬೇಕು, ನಾನೇ ಇಲ್ಲಿ ಕುಳಿತು ಬರೆಯುತ್ತಿದ್ದೆ ಎನ್ನುತ್ತಿದ್ದರು. ಕೆಳಗೇರಿಯ ಪಕ್ಕದಲ್ಲೇ ರೈಲು ದಾರಿ. ಅಲ್ಲಿ ದಾರಿ ರಿಪೇರಿ ಮಾಡುವ ಗ್ಯಾಂಗಿನ ದಸ್ತಗಿರಿ ಎಂಬವನು ಇರುತ್ತಿದ್ದ. ಅವನನ್ನು ಕೇಳಿದೆ. ಬೆಳಗಿನ ಗಾಡಿ ಬಂದರೆ ಆರು, ರಾಯಚೂರು ಕಡೆಯಿಂದ ಆದೋನಿಗೆ ಹೋಗುವ ಗಾಡಿ ಬಂದರೆ ಹತ್ತು, ಸಂಜೆಯದಕ್ಕೆ ಐದು ಎಂದು ಹೇಳಿಕೊಟ್ಟ. ನಡುವಿನ ಹೊತ್ತಿಗೆ ಕೇರಿಯ ಬೀಸುಕಲ್ಲು ಇತ್ತು. ಎರಡು ಸೇರು ಜೋಳ ಬೀಸಿ ಮುಗಿದರೆ ಒಂದು ಗಂಟೆ.

ಆಮೇಲೆ ನಾನು ಗಂಟೆ ಹೇಳಿದರೆ ಅವರು ತಲೆ ಎತ್ತಿ ನನ್ನ ಮುಖ ನೋಡುವಂತಾಯಿತು. ಹೊತ್ತು ನಿನಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದರು. ನನಗ ತಿಳೀತೈತಿ ಎಂದೆ. ಅಷ್ಟೇ ಹೇಳಿದೆ. ಗಾಡಿಯ ಮಾತು ಹೇಳಲಿಲ್ಲ. ಮದುವೆಯಾದಾಗಿನಿಂದ ಅವರಿಗೆ ಗೊತ್ತಿರದದ್ದು ನನಗೆ ಗೊತ್ತಿದ್ದದ್ದು ಅದೊಂದೇ. ಅದನ್ನು ಇಟ್ಟುಕೊಂಡೆ. ಕಿವಿ ಕೇಳದವರಿಗೆ ಗಾಡಿಯ ಕೂಗು ತಾನಾಗಿ ಮುಟ್ಟುವುದೂ ಇಲ್ಲ.

ನಲವತ್ತೆರಡರಲ್ಲಿ ಸರ್ಕಾರ ಯುದ್ಧಕ್ಕೆಂದು ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದೆ ತಿರುಗಿಸಿತು. ಶಾಲೆಯ ಗಡಿಯಾರವನ್ನೂ ತಿರುಗಿಸಬೇಕೆಂದು ಕಾಗದ ಬಂತು. ಇವರು ತಿರುಗಿಸಲಿಲ್ಲ. ನಡುವೆ ಗಂಟೆ ಬದಲಾದರೆ ಮೊದಲಿನ ಪುಸ್ತಕಕ್ಕೂ ಈಗಿನದಕ್ಕೂ ತಾಳೆ ಬೀಳುವುದಿಲ್ಲ ಎಂಬುದು ಅವರ ಲೆಕ್ಕ. ಇನ್ಸ್‌ಪೆಕ್ಟರ್ ಬಂದು ತನ್ನ ಗಡಿಯಾರದ ಹತ್ತು ಗಂಟೆಗೆ ನೋಡಿದರೆ ಶಾಲೆಯಲ್ಲಿ ಒಂದು ಮಗುವೂ ಇಲ್ಲ. ಊರೆಲ್ಲ ಕೇಳುವಂತೆ ಬೈದ. ಇವರು ಅವನ ಬಾಯಿ ನೋಡುತ್ತ ನಿಂತಿದ್ದು, ಮುಗಿದ ಮೇಲೆ ಹೇಳಿದರು.

"ಈ ಮಕ್ಕಳು ಸೂರ್ಯನ್ನ ನೋಡಿ ಏಳತಾವ್ರಿ ಸಾಹೇಬ್ರ. ಸೂರ್ಯಗ ಇನ್ನೂ ಆರ್ಡರ್ ಬಂದಿಲ್ಲ."

ಮಕ್ಕಳ ತಂದೆಯರು ನಕ್ಕರು. ಆ ನಗು ಇನ್ಸ್‌ಪೆಕ್ಟರನಿಗೆ ಮರೆತುಹೋಗಲಿಲ್ಲ.

ಆದರೆ ಗಾಡಿಗೆ ಆರ್ಡರ್ ಬಂದಿತ್ತು. ಆರರ ಗಾಡಿ ಸರ್ಕಾರದ ಹೊಸ ಆರಕ್ಕೆ ಬರತೊಡಗಿತು. ಮೊದಲು ಅದು ಬಂದಾಗ ಬೆಳಕು ಹರಿದಿರುತ್ತಿತ್ತು. ಈಗ ಕತ್ತಲು. ನನಗೆ ಅದು ಕಾಣುತ್ತಿತ್ತು. ದಸ್ತಗಿರಿಯನ್ನು ಕೇಳಿದರೆ, "ಯುದ್ಧ ಅಕ್ಕಾ. ಎಲ್ಲಾ ಮುಂದ ಹೋಗೇತಿ" ಎಂದ. ಯುದ್ಧವಲ್ಲವೇ, ಗಾಡಿಗೆ ಅವಸರ ಎಂದುಕೊಂಡೆ. ಗಾಡಿ ಬಂದರೆ ಆರು ಎಂಬುದನ್ನು ಬಿಡಲಿಲ್ಲ. ಹುಲುಗಮ್ಮ ಮೊದಲು ಗಾಡಿ ಬಂದಾಗ ಏಳುತ್ತಿದ್ದಳು. ಈಗ ಗಾಡಿ ಹೋಗಿ ಎರಡು ಸೇರು ಬೀಸಿದ ಮೇಲೆ ಏಳುತ್ತಾಳೆ. ಏಳಕ್ಕೆ ಎದ್ದಳು ಎಂದೆ. ಹತ್ತು ಮಕ್ಕಳದೂ ಹಾಗೆಯೇ ಆಯಿತು. ಅವರು ಪೆನ್ಸಿಲ್ ಕಚ್ಚಿಕೊಂಡು ತುಂಬ ಹೊತ್ತು ಯೋಚಿಸಿದರು. ಯುದ್ಧ ಬಂದ ಮೇಲೆ ಜೋಳ ಸಾಲದೆ ಮಕ್ಕಳು ನಿತ್ರಾಣವಾಗಿ ಒಂದು ಗಂಟೆ ಹೆಚ್ಚು ಮಲಗುತ್ತಿವೆ ಎಂದು ಪಕ್ಕದಲ್ಲಿ ಬರೆದರು. ಓದಿ ನನಗೆ ಹೇಳಿದರು. ಹೌದೇನೋ ಎಂದು ನನಗೂ ದುಃಖವಾಯಿತು. ನಾವಿಬ್ಬರೂ ಎಂಥ ಜಾಣರು.

ಪುಸ್ತಕಗಳು ಒಂದರ ಮೇಲೊಂದು ಸೇರಿದ ಹಾಗೆ ಅವುಗಳಲ್ಲಿ ಒಂದು ಸಂಗತಿ ಕಾಣತೊಡಗಿತು. ಮೊದಲ ವರ್ಷದ ಪುಸ್ತಕದಲ್ಲಿ ಮೂರು ವರ್ಷದ ಹುಲುಗಮ್ಮ ದೊಡ್ಡಪ್ಪನ ಮಗಳ ಸೊಂಟದ ಮೇಲಿದ್ದಾಳೆ. ನಾಲ್ಕನೆಯ ವರ್ಷದಲ್ಲಿ ಅವಳ ಸೊಂಟದ ಮೇಲೆ ತಂಗಿ ಉಚ್ಚಮ್ಮ ಇದ್ದಾಳೆ. ಏಳನೆಯದರಲ್ಲಿ ತಮ್ಮ. ಹತ್ತರಲ್ಲಿ ಆರು ಹೆಣ್ಣುಮಕ್ಕಳು. ಆರರದೂ ಒಂದೇ ಕಥೆ. ದಿನಕ್ಕೆ ಐದೂವರೆ ಗಂಟೆ ಸೊಂಟದ ಮೇಲೆ ಕೂಸು. ಹೆಣ್ಣುಮಕ್ಕಳು ಶಾಲೆಗೆ ಬರದಿರುವುದಕ್ಕೆ ತಂದೆತಾಯಿಯ ಅಸಡ್ಡೆ ಕಾರಣ ಎಂದು ಆಫೀಸಿನವರು ವರ್ಷವರ್ಷವೂ ಬರೆಯುತ್ತಿದ್ದರು. ಹುಲುಗಮ್ಮ ಬರುತ್ತಿದ್ದಳು. ಕೂಸನ್ನು ಒಳಗೆ ತರಬಾರದೆಂದು ಇನ್ಸ್‌ಪೆಕ್ಟರನ ನಿಯಮವಿತ್ತು. ಅವಳು ಶಾಲೆಯ ಬಾಗಿಲಲ್ಲಿ ನಿಂತು, ಕೂಸು ಅಳುವವರೆಗೆ ಪಾಠ ಕೇಳಿ, ಅತ್ತ ಕೂಡಲೇ ಹೋಗುತ್ತಿದ್ದಳು. ಶಾಲೆ ಪುಸ್ತಕದಲ್ಲಿ ಅದೂ ಇದೆ. ಒಂದು ದಿನ ಹನ್ನೆರಡು ನಿಮಿಷ, ಇನ್ನೊಂದು ದಿನ ಏಳು.

ನಲವತ್ತೈದರ ಸಂಕ್ರಾಂತಿ ಕಳೆದ ಮೇಲೆ ಅವರು ಅರ್ಜಿ ಬರೆದರು. ಶಾಲೆಯ ಪಡಸಾಲೆಯಲ್ಲಿ ಜೋಲಿ ಕಟ್ಟಿ ಕೂಸುಗಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಸರ್ಕಾರ ಕೊಟ್ಟರೆ ಆರು ಹುಡುಗಿಯರೂ ಒಳಗೆ ಬಂದು ಕೂರುತ್ತಾರೆ. ಬೇರೇನೂ ಬೇಡ. ಇದಕ್ಕೆ ಈ ಪುಸ್ತಕಗಳೇ ಸಾಕ್ಷಿ. ಎರಡು ಬಗೆಯ ಪುಸ್ತಕಗಳನ್ನೂ ಗಂಟು ಕಟ್ಟಿ ಆದೋನಿಯ ಆಫೀಸಿಗೆ ಕಳಿಸಿದರು. ಹುಲುಗಮ್ಮನಿಗೆ, ಇನ್ನು ಎರಡು ತಿಂಗಳು ತಡೆ ಎಂದರು. ಅವಳು ಅದನ್ನು ತಾಯಿಗೆ ಹೇಳಿ ಪೆಟ್ಟು ತಿಂದಳು.

ನಾನು ಹೇಳಿದ ಸೋಮವಾರದ ಮರುದಿನ ಗಂಟು ತಿರುಗಿ ಬಂತು. ಮೇಲೊಂದು ಕಾಗದ. ಇಂಗ್ಲಿಷಿನಲ್ಲಿತ್ತು. ಅವರು ಒಮ್ಮೆ ತಮಗೆ ಓದಿಕೊಂಡು, ಆಮೇಲೆ ನನಗೆ ಅರ್ಥ ಹೇಳಿದರು. ನಾವಿಬ್ಬರೂ ಎಂದೂ ಪಕ್ಕಪಕ್ಕ ಇಟ್ಟು ನೋಡದ ಎರಡು ಪುಸ್ತಕಗಳನ್ನು ಇನ್ಸ್‌ಪೆಕ್ಟರ್ ಪಕ್ಕಪಕ್ಕ ಇಟ್ಟು ನೋಡಿದ್ದ. ಮನೆ ಪುಸ್ತಕದಲ್ಲಿ ಹುಲುಗಮ್ಮ ಹನ್ನೊಂದು ಗಂಟೆಗೆ ಮನೆಯಿಂದ ಹೊರಟಿದ್ದಾಳೆ. ಶಾಲೆ ಪುಸ್ತಕದಲ್ಲಿ ಅವತ್ತೇ ಹತ್ತು ಗಂಟೆಗೆ ಬಾಗಿಲಿಗೆ ಬಂದಿದ್ದಾಳೆ. ಹೊರಡುವ ಮೊದಲೇ ಬಂದು ಮುಟ್ಟುವ ಹುಡುಗಿಗೆ ದಾದಿಯ ಅಗತ್ಯವಿಲ್ಲ ಎಂದು ಬರೆದಿದ್ದ. ಮೂರು ವರ್ಷದಿಂದ ಹತ್ತು ಮಕ್ಕಳದೂ ಹಾಗೇ ಇದೆ, ಪುಸ್ತಕಗಳು ಕಲ್ಪಿತ, ಅರ್ಜಿ ತಳ್ಳಿಹಾಕಿದೆ. ಸಮಜಾಯಿಷಿ ಇದ್ದರೆ ಬುಧವಾರ ಸಂಜೆಯೊಳಗೆ ಖುದ್ದಾಗಿ ಬಂದು ಹೇಳಬೇಕು. ಕಾಗದಕ್ಕೆ ಅಭಾವವಿರುವುದರಿಂದ ಪುಸ್ತಕದ ಖಾಲಿ ಬದಿಗಳನ್ನು ಶಾಲೆಯ ಕೆಲಸಕ್ಕೆ ಉಪಯೋಗಿಸಬೇಕು.

ಗಂಟು ಬಿಚ್ಚಿದರು. ಪ್ರತಿ ಹಾಳೆಗೂ ಕೆಂಪು ಶಾಯಿಯ ಗೆರೆ ಎಳೆದಿತ್ತು. ಅವರು ಹಾಳೆ ತಿರುವುತ್ತ ಕುಳಿತರು. ಆಮೇಲೆ ನನ್ನ ಕಡೆ ನೋಡಿದರು.

"ಲಿಂಗಾ, ನೀ ಹೋಗತಿದ್ದಿಲ್ಲೇನು?"

ಎಲ್ಲಿಗೆ ಎಂದೆ.

"ಕೆಳಗೇರಿಗೆ. ಎಲ್ಲೋ ಕುಂತು ಎದ್ದು ಬಂದು, ಬಾಯಿಗೆ ಬಂದ ಗಂಟಿ ಹೇಳಿದೇನು ನನಗ?"

ಒಂದೇ ಮಾತು ಸಾಕಿತ್ತು. ಗಾಡಿ ನೋಡಿ ಹೇಳಿದೆ ಎಂದಿದ್ದರೆ ಸಾಕಿತ್ತು, ಅವರು ಅಲ್ಲೇ ತಿಳಿದುಕೊಳ್ಳುತ್ತಿದ್ದರು. ಆದರೆ ಅವರಿಗೆ ಕೇಳಬೇಕಾದರೆ ನಾನು ಕೂಗಬೇಕು. ಕಿವಿ ಕೇಳದ ಗಂಡನ ಜೊತೆ ಜಗಳವಾಡಿದರೆ ಓಣಿಗೆಲ್ಲ ಕೇಳುತ್ತದೆ. ಏಳು ವರ್ಷ ಕಂಡವರ ಕಟ್ಟೆಯ ಮೇಲೆ ಕುಳಿತು ಅನ್ನಿಸಿಕೊಂಡವಳನ್ನು ಗಂಡನೇ ಸುಳ್ಳುಗಾತಿ ಎಂದ ಎಂದು ಓಣಿಗೆ ಯಾಕೆ ಕೇಳಬೇಕು. ನಾನು ಒಳಗೆ ಹೋಗಿ ರೊಟ್ಟಿ ಬಡಿದೆ. ಅವರು ಉಣ್ಣಲಿಲ್ಲ. ನಾನೂ ಕರೆಯಲಿಲ್ಲ.

ಬುಧವಾರ ಅವರು ಗಂಟು ಹೊತ್ತುಕೊಂಡು ಹೊರಟರು. ಬುತ್ತಿ ಕಟ್ಟಿ ಮುಂದೆ ಇಟ್ಟೆ. ಬಿಟ್ಟು ಹೋದರು. ಹತ್ತರ ಗಾಡಿಗೆ ಆದೋನಿಗೆ ಹೋಗಬೇಕಿತ್ತು. ಅವರು ರೈಲು ಹತ್ತಿ ನಾಲ್ಕು ವರ್ಷವಾಗಿತ್ತು. ಜೇಬಿನ ಗಡಿಯಾರ ನೋಡಿಕೊಂಡು, ಹತ್ತಕ್ಕೆ ಕಾಲು ಗಂಟೆ ಇರುವಾಗ ಸ್ಟೇಷನ್ನಿಗೆ ಮುಟ್ಟುವ ಹಾಗೆ ಹೋದರು. ಸರ್ಕಾರದ ಗಂಟೆಯನ್ನು ಒಪ್ಪದವರು ಗಾಡಿ ಸರ್ಕಾರದ್ದು ಎಂಬುದನ್ನು ಮರೆತಿದ್ದರು.

ಮುಂದಿನದನ್ನು ನಾನು ಕಂಡಿಲ್ಲ. ಅವತ್ತು ದಸ್ತಗಿರಿ ಸ್ಟೇಷನ್ನಿನಲ್ಲಿದ್ದ. ಅವನು ಹೇಳಿದ್ದು ಇದು. ಇವರು ಬಂದು ಟಿಕೆಟ್ ಕೇಳಿದಾಗ ಗಾಡಿ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಅಲ್ಲಿದ್ದ ಕೂಲಿ ನಗುತ್ತ ಗೋಡೆಯ ಗಡಿಯಾರ ತೋರಿಸಿದ. ಇವರು ಗೋಡೆಯದನ್ನು ನೋಡಿದರು, ಕೈಯಲ್ಲಿದ್ದದ್ದನ್ನು ನೋಡಿದರು. ಗಂಟಿನ ಮೇಲೆ ಕುಳಿತುಬಿಟ್ಟರು. ಇನ್ನೊಂದು ಗಾಡಿ ಸಿಪಾಯಿಗಳದು, ನಿಲ್ಲುವುದಿಲ್ಲ. ಸಂಜೆಯದು ರಾಯಚೂರು ಕಡೆಗೆ. ಆದೋನಿಗೆ ಮತ್ತೊಂದು ಬರುವುದು ರಾತ್ರಿಗೆ. ಬಿಸಿಲು ಇಳಿಯಲಿ, ನಾಳೆ ಹೋಗುವಿರಂತೆ ಎಂದು ದಸ್ತಗಿರಿ ಅವರ ಒಳ್ಳೆಯ ಕಿವಿಯಲ್ಲಿ ಕೂಗಿ ಹೇಳಿದನಂತೆ. ಬುಧವಾರ ಸಂಜೆಯೊಳಗೆ ಎಂದಿದೆ ಎಂದು ಹೇಳಿ, ಗಂಟನ್ನು ತಲೆಯ ಮೇಲಿಟ್ಟುಕೊಂಡು ಹಳಿಯ ಗುಂಟ ನಡೆದರು. ಆದೋನಿ ಹದಿನೆಂಟು ಮೈಲಿ. ನಮ್ಮ ಕಡೆ ಯುಗಾದಿ ಆದ ಮೇಲೆ ಕುರಿ ಕಾಯುವವರು ಕೂಡ ಆ ಹೊತ್ತಿಗೆ ನೆರಳು ಬಿಟ್ಟು ಬರುವುದಿಲ್ಲ. ಕಂಬಿ, ಜಲ್ಲಿ, ಮೇಲೆ ಸೂರ್ಯ. ಆರ್ಡರ್ ಕೇಳದ ಸೂರ್ಯ.

ಕುಪ್ಪಗಲ್ಲು ದಾಟಿ ಒಂದು ಮೋರಿಯ ಹತ್ತಿರ ಬಿದ್ದಿದ್ದರು. ಗ್ಯಾಂಗಿನವರು ತಳ್ಳುವ ಟ್ರಾಲಿಯ ಮೇಲೆ ಮಲಗಿಸಿ ತಂದರು. ಮೈ ಹಂಚಿನ ಹಾಗೆ ಕಾದಿತ್ತು. ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದೆ. ಬಾಯಿಗೆ ನೀರು ಬಿಟ್ಟೆ, ಹೊರಗೆ ಬಂತು. ನನ್ನ ಮೇಲೆ ಕಣ್ಣಿಟ್ಟಿದ್ದರು, ಆದರೆ ಯಾರನ್ನೋ ನೋಡುತ್ತಿದ್ದರು. ಗಾಡಿ ನೋಡಿ ಹೇಳಿದ್ದೆ ಎಂದು ಆಗ ಕೂಗಿದೆ. ಓಣಿಗೆಲ್ಲ ಕೇಳುವ ಹಾಗೆ 'ಗಾಡಿ ನೋಡಿ ಹೇಳಿದ್ದೆ, ಗಾಡಿ ನೋಡಿ ಹೇಳಿದ್ದೆ' ಎಂದು ಕೂಗಿದೆ. ದೀಪ ಹಚ್ಚುವ ಹೊತ್ತಿಗೆ ಹೋದರು.

ಮಣ್ಣು ಮಾಡಿ ಬಂದ ಮೇಲೆ ದಸ್ತಗಿರಿ ಗಂಟನ್ನು ತಂದಿಟ್ಟು ಬಾಗಿಲಲ್ಲೇ ನಿಂತ.

"ಅಕ್ಕಾ, ಮಾಸ್ತರು ಸ್ಟೇಷನ್ನಿನಾಗ ಒಂದು ಮಾತು ಅಂದ್ರು. ನಮ್ಮಾಕಿ ಸುಳ್ಳು ಹೇಳಿಲ್ಲ, ಗಾಡಿ ನೋಡಿ ಹೇಳ್ಯಾಳ, ಗಾಡಿನ ಒಂದು ತಾಸು ಮುಂದ ಹೋಗೇತಿ, ಅಂತ."

ದಸ್ತಗಿರಿ ಒಳ್ಳೆಯವನು. ಒಳ್ಳೆಯವರು ಇಂಥ ಹೊತ್ತಿನಲ್ಲಿ ಏನಾದರೂ ಹೇಳುತ್ತಾರೆ. ನನಗೆ ಗಾಡಿಯ ಹೊತ್ತು ಹೇಳಿಕೊಟ್ಟವನೂ ಅವನೇ. ಆ ಮಾತು ಅವರದೋ ಇವನದೋ ನನಗೆ ಗೊತ್ತಿಲ್ಲ. ಅವರದೇ ಆದರೂ ಅವರು ಅದನ್ನು ದಸ್ತಗಿರಿಗೆ ಹೇಳಿದರು, ನನಗೆ ಹೇಳಲಿಲ್ಲ.

ಆ ವರ್ಷ ದಸರೆಯ ಹೊತ್ತಿಗೆ ಯುದ್ಧ ಮುಗಿಯಿತೆಂದು ಸರ್ಕಾರ ತನ್ನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿತು. ಅವರು ಹೋಗಿ ಆರು ತಿಂಗಳಾಗಿತ್ತು. ನಾನು ಗಂಟು ಹೊತ್ತುಕೊಂಡು ಆದೋನಿಗೆ ಹೋದೆ. ಆ ಇನ್ಸ್‌ಪೆಕ್ಟರ್ ವರ್ಗವಾಗಿದ್ದ. ಹೊಸಬನಿಗೆ ಒಂದು ಗಂಟೆಯ ಕಥೆ ಹೇಳಿದೆ. ಕೂರಿಸಿ ಕೇಳಿದ, ನೀರು ಕೊಡಿಸಿದ. ಗಾಡಿಯ ಗಂಟೆಯಲ್ಲಿ ಒಂದು ಕಳೆದರೆ ಎಲ್ಲ ಸರಿಹೋಗುತ್ತದಲ್ಲ ಎಂದು ಅವನೇ ಅಂದ. ಆಮೇಲೆ, ಅರ್ಜಿದಾರರು ಈಗ ಇಲ್ಲವಲ್ಲಮ್ಮ ಎಂದ. ಫೈಲು ಮುಗಿದಿದೆ ಎಂದ. ಗಂಟನ್ನು ಮತ್ತೆ ಹೊತ್ತುಕೊಂಡು ಬಂದೆ.

ಹುಲುಗಮ್ಮನನ್ನು ಹೋದ ವರ್ಷ ಹಾಲಹರವಿಗೆ ಕೊಟ್ಟರು. ಅವಳಿಗೆ ತನ್ನ ಹೆಸರು ಬರೆಯಲು ಬರುತ್ತದೆ. 'ಹು' ಮತ್ತು 'ಲು' ಸರಿ ಬರೆಯುತ್ತಾಳೆ, ಒತ್ತಕ್ಷರ ತಪ್ಪುತ್ತದೆ. ಬಾಗಿಲಲ್ಲಿ ನಿಂತು ಕಲಿತದ್ದು ಅಷ್ಟು. ಅವಳ ಸೊಂಟದ ಮೇಲಿದ್ದ ತಮ್ಮ ಈಗ ಓಡಾಡುತ್ತಾನೆ. ಅವನ ಹಿಂದೆ ಇನ್ನೊಂದು ಹುಟ್ಟಿದೆ. ಸೊಂಟ ಈಗ ಉಚ್ಚಮ್ಮನದು.

ಆ ಕೂಸನ್ನು ಎತ್ತಿಕೊಳ್ಳಲು ಹೋದ ಮೊದಲ ದಿನ ಗಾದಿಲಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಅಡ್ಡ ನಿಂತಳು. "ಏಳು ವರ್ಷ ಕಟ್ಟಿ ಮ್ಯಾಲೆ ಕುಂತು ನೋಡಿದಿ. ಮುಂಡಿ ಆದ ಮ್ಯಾಲೆ ಎತ್ತಿಕೊಳ್ಳಾಕ ಬಂದೇನು, ಬೆಳಬೆಳಗ್ಗೆ?"

ಹೌದು ಎಂದೆ. ಅವಳಿಗೆ ಕೂಲಿಗೆ ಹೊತ್ತಾಗಿತ್ತು. ಕೊಟ್ಟಳು. ಉಚ್ಚಮ್ಮನ ಸೊಂಟದಿಂದ ಕೂಸನ್ನು ಇಳಿಸಿಕೊಂಡಾಗ ಆ ಹುಡುಗಿಗೆ ಹೇಗೆ ನಿಲ್ಲಬೇಕೆಂದು ತಿಳಿಯಲಿಲ್ಲ. ಕೂಸು ಹೋದ ಮೇಲೂ ಸೊಂಟ ಓರೆಯಾಗಿಯೇ ಇತ್ತು. ಅವಳು ಶಾಲೆಗೇ ಹೋಗುತ್ತಾಳೆಂದು ನಾನು ಹೇಳುವುದಿಲ್ಲ. ಹೊಸ ಮಾಸ್ತರು ವಾರಕ್ಕೆ ಮೂರು ದಿನ ಬರುತ್ತಾನೆ. ಉಳಿದ ದಿನ ಅವಳು ಓಣಿಯಲ್ಲಿ ಕುಂಟೆಬಿಲ್ಲೆ ಆಡುತ್ತಾಳೆ. ಆಡಲಿ.

ಪುಣ್ಯಕ್ಕಾಗಿ ಮಾಡುತ್ತಿಲ್ಲ. ಪುಣ್ಯವಿದ್ದಿದ್ದರೆ ಅವರಿದ್ದಾಗಲೇ ಎತ್ತಿಕೊಳ್ಳುತ್ತಿದ್ದೆ. ಬೆಳಗಿನ ಗಾಡಿ ಬರುವ ಮೊದಲು ಎದ್ದು, ಅಂಗಳ ಸಾರಿಸಿ, ಅವರ ಹಳೆಯ ಧೋತರವನ್ನು ಹೆಗಲ ಮೇಲೆ ಹಾಕಿಕೊಂಡು ಕೆಳಗೇರಿಗೆ ಹೋಗುತ್ತೇನೆ. ಕೂಸನ್ನು ಇಸಿದುಕೊಂಡು ಧೋತರದಲ್ಲಿ ಬೆನ್ನಿಗೆ ಕಟ್ಟಿಕೊಳ್ಳುತ್ತೇನೆ. ಒಂದೊಂದು ದಿನ ಅಳುತ್ತದೆ. ಎಷ್ಟು ಹೊತ್ತು ಅತ್ತಿತು ಎಂದು ನೋಡುವುದಿಲ್ಲ.